ತುರಿಕೆ ಗಿಡದ ನಾರು ಕೈಯಲ್ಲೇ ತೆಗೆದವರು ಇದ್ದೀರಾ? ನಾನು ನೆನೆಹಾಕಿದ್ದೆಲ್ಲ ಕೊಳೆತು ಹೋಯಿತು

ತೋಡಿನ ಬದಿ · 28 ಅಕ್ಟೋಬರ್

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡಿನ ಅಡೂರಿನ ಹತ್ತಿರ, ತೋಡಿನ (ಸಣ್ಣ ಹಳ್ಳದ) ಬದಿಯಲ್ಲಿ ಸಣ್ಣ ಅಡಿಕೆ ತೋಟ. ಕಳೆದ ಡಿಸೆಂಬರಿನಲ್ಲಿ ತೋಡಿನ ಬದಿ ಸವರುತ್ತಿದ್ದಾಗ ಒಣಗಿ ನಿಂತ ತುರಿಕೆ ಗಿಡದ ದಂಟೊಂದು ಕತ್ತಿಗೆ ಸಿಕ್ಕಿಕೊಂಡಿತು. ಎಳೆದೆ. ಒಳಗಿನ ಕಡ್ಡಿ ಲಟಕ್ಕನೆ ಮುರಿಯಿತು, ಹೊರಗಿನ ಸಿಪ್ಪೆ ಮಾತ್ರ ಮುರಿಯಲಿಲ್ಲ. ಬೆರಳಿಗೆ ಸುತ್ತಿ ಜಗ್ಗಿದರೆ ಬೆರಳು ಕೆಂಪಾಯಿತು, ನಾರು ಹಾಗೇ ಇತ್ತು. ಬೆಳ್ಳಗೆ, ಸ್ವಲ್ಪ ಹೊಳಪು. ಅವತ್ತಿನಿಂದ ಅದೇ ತಲೆಯಲ್ಲಿ ಕುಳಿತಿದೆ.

ಈ ಸಲ ಸೆಪ್ಟೆಂಬರಿನಲ್ಲಿ ಸುಮಾರು 40 ದಂಟು ಕಡಿದು, ನೀರಲ್ಲಿ ನೆನೆದರೆ ನಾರು ಬಿಡುತ್ತದೆ ಅಂತ ಸೊಪ್ಪು ಸಮೇತ ತೋಟದ ಹಳೇ ಗುಂಡಿಯಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಿದೆ. ಇಂಗ್ಲೆಂಡಿನವರ ವಿಡಿಯೋ ನೋಡಿ ಎರಡು ವಾರ ಅಂತ ಲೆಕ್ಕ ಹಾಕಿದ್ದೆ. 12ನೇ ದಿನ ತೆಗೆದರೆ ಲೋಳೆ ಲೋಳೆ. ವಾಸನೆ ಮನೆವರೆಗೂ ಬಂತು. ನಾರು ಇದ್ದದ್ದು ನಿಜ, ಆದರೆ ಒದ್ದೆ ಕಾಗದದ ಹಾಗೆ ಹರಿಯುತ್ತಿತ್ತು.

ಎಲ್ಲಿ ತಪ್ಪಿದೆ? ಯಂತ್ರ ಬೇಡ, ಅಂಗಡಿಯ ರಾಸಾಯನಿಕವೂ ಬೇಡ. ಕೈಯಲ್ಲೇ ಆಗಬೇಕು. ಇನ್ನೂ ಸುಮಾರು 60 ದಂಟು ನಿಂತಿವೆ, ಅವನ್ನಾದರೂ ಹಾಳು ಮಾಡಬಾರದು ಅಂತ ಕೇಳುತ್ತಿದ್ದೇನೆ.

ಪೆರ್ಲದವ · 28 ಅಕ್ಟೋಬರ್

ಫೋಟೊ ಹಾಕಿ. ನಸುಗುನ್ನಿ ಅಲ್ಲ ತಾನೇ?

ನೂಲಿನ ಮನೆ · 28 ಅಕ್ಟೋಬರ್

ಮೊದಲು ಯಾವ ಗಿಡ ಅಂತ ಗೊತ್ತಾಗಬೇಕು. ನಮ್ಮ ಕಡೆ ತುರಿಸುವುದಕ್ಕೆಲ್ಲ ತುರಿಕೆ ಗಿಡ ಅಂತಲೇ ಹೇಳುತ್ತಾರೆ. ಎಲೆ ಹೇಗಿದೆ? ಎಷ್ಟು ಎತ್ತರ? ದಂಟಿನ ಮೇಲೆ ಮುಳ್ಳಿನಂಥ ಕೂದಲು ಕಣ್ಣಿಗೆ ಕಾಣುತ್ತದಾ?

ಹಸಿರು ಮೇಷ್ಟ್ರು · 28 ಅಕ್ಟೋಬರ್

ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ತಪ್ಪು ಗಿಡ ಹಿಡಿದರೆ ಕೈ ಹೋಗುತ್ತದೆ.

ನಸುಗುನ್ನಿ ಅಂದರೆ ಅವರೆ ಜಾತಿಯ ಬಳ್ಳಿ. ತುರಿಕೆ ಇರುವುದು ಕಾಯಿಯ ಮೇಲಿನ ರೋಮದಲ್ಲಿ. ಮಲಯಾಳದವರು ನಾಯ್ಕುರುಣ ಅನ್ನುವುದು ಇದನ್ನೇ. ಇನ್ನೊಂದು ಸಪೂರ ಬಳ್ಳಿ ಇದೆ, ಅವರ ಕೊಡಿತ್ತೂವ. ಹೆಸರು ಟ್ರಾಜಿಯಾ, ಹರಳು ಗಿಡದ ಕುಟುಂಬ. ಇವೆರಡೂ ನಿಮ್ಮ ಕೆಲಸಕ್ಕೆ ಬರುವುದಿಲ್ಲ.

ನಿಜವಾದ ತುರಿಕೆ ಕುಟುಂಬದಲ್ಲಿ ನಮ್ಮ ಕಡೆ ನೋಡಬೇಕಾದವು ಮೂರು. ಮಳೆಗಾಲದಲ್ಲಿ ಅಂಗಳದ ಮೂಲೆಯಲ್ಲಿ ತಾನಾಗಿ ಹುಟ್ಟುವ ಗಿಡ್ಡದ್ದು ಲಪೋರ್ಟಿಯಾ. ನಾರು ಇದೆ, ಆದರೆ ದಂಟು ಸಣ್ಣ, ಶ್ರಮಕ್ಕೆ ತಕ್ಕ ಫಲ ಇಲ್ಲ. ಎರಡನೆಯದು ಆಳೆತ್ತರ ಬೆಳೆಯುವ, ಎಲೆ ಅಂಗೈಯ ಹಾಗೆ ಸೀಳಿದ, ಮೈತುಂಬ ಉದ್ದ ಬಿರುಸು ಕೂದಲಿರುವ ಗಿರಾರ್ಡಿನಿಯಾ. ಹಿಮಾಲಯದಲ್ಲೂ ಇದೆ, ನೀಲಗಿರಿಯಲ್ಲೂ ಇದೆ. ಇಂಗ್ಲಿಷಿನವರು ನೀಲಗಿರಿ ನೆಟಲ್ ಅಂದದ್ದು ಇದಕ್ಕೇ. ನಾರಿಗೆ ಇದೇ ಸರಿ.

ಮೂರನೆಯದನ್ನು ಮುಟ್ಟಲೇಬೇಡಿ. ಪೊದೆ ಅಥವಾ ಸಣ್ಣ ಮರದ ಹಾಗೆ ಬೆಳೆಯುತ್ತದೆ. ದೊಡ್ಡ ಎಲೆ, ಸೀಳು ಇಲ್ಲ, ನೋಡಲು ನುಣುಪು. ಮಲಯಾಳದ ಆನಚ್ಚೊರಿಯಣಂ. ಅದರ ಉರಿ ದಿನಗಟ್ಟಲೆ ಇರುತ್ತದೆ, ನೀರು ತಾಗಿದರೆ ಮತ್ತೆ ಏಳುತ್ತದೆ.

ತೋಡಿನ ಬದಿ · 28 ಅಕ್ಟೋಬರ್

ಫೋಟೊ ಹಾಕಿದ್ದೇನೆ ನೋಡಿ. ಎಲೆ ಸೀಳಿದೆ, ಕೂದಲು ಎರಡು ಮಾರು ದೂರದಿಂದಲೂ ಬಿಸಿಲಲ್ಲಿ ಹೊಳೆಯುತ್ತದೆ. ಎತ್ತರ ನನಗಿಂತ ಒಂದು ಗೇಣು ಜಾಸ್ತಿ. ಮನೆಯ ಹಿಂದೆ ಗಿಡ್ಡದ್ದೂ ಇದೆ. ಮೊನ್ನೆ ಗುಂಡಿಗೆ ಹಾಕಿದ್ದರಲ್ಲಿ ಎರಡೂ ಬೆರೆತಿತ್ತು ಅಂತ ಈಗ ಗೊತ್ತಾಗುತ್ತಿದೆ.

ಹಸಿರು ಮೇಷ್ಟ್ರು · 28 ಅಕ್ಟೋಬರ್

ಎತ್ತರದ್ದು ಗಿರಾರ್ಡಿನಿಯಾ. ಸಂಶಯವೇ ಬೇಡ.

ಬಂದ್ಯೋಡಿನಿಂದ · 29 ಅಕ್ಟೋಬರ್

ಗಿಡ್ಡದ್ದರ ಕುಡಿಯನ್ನು ನಮ್ಮ ನೆರೆಮನೆಯವರು ಮಲಯಾಳದ ಕರ್ಕಾಟಕ ತಿಂಗಳಲ್ಲಿ ಹತ್ತು ಸೊಪ್ಪಿನ ಪಲ್ಯಕ್ಕೆ ಹಾಕುತ್ತಾರೆ. ಬಿಸಿ ತಾಗಿದ ಕೂಡಲೇ ತುರಿಕೆ ಹೋಗುತ್ತದೆ. ಅದೇ ಹೊತ್ತಿನ ತುಳುವರ ಆಟಿ ತಿಂಗಳಲ್ಲಿ ನಾವು ತಜಂಕು ಸೊಪ್ಪು, ಕೆಸು ತಿನ್ನುವ ಹಾಗೆ. ತೆಂಗಿನಕಾಯಿ ಜಾಸ್ತಿ ಹಾಕಿದರೆ ಒಳ್ಳೇ ರುಚಿ.

ಪೆರ್ಲದವ · 29 ಅಕ್ಟೋಬರ್

ನಾರಿನ ವಿಷಯಕ್ಕೆ ಬನ್ನಿ ಮಾರಾಯ್ರೆ.

ಅಕ್ಕಲಕೋಟೆ ರೈತ · 29 ಅಕ್ಟೋಬರ್

ನಾನು ಸೊಲ್ಲಾಪುರ ಜಿಲ್ಲೆಯವನು. ತುರಿಕೆ ಗಿಡದ್ದು ಗೊತ್ತಿಲ್ಲ, ಆದರೆ ನಮ್ಮಲ್ಲಿ ಪುಂಡಿ ನಾರು ತೆಗೆಯುವುದು ಅಜ್ಜನ ಕಾಲದಿಂದ ಇತ್ತು. ತೊಗರಿ ಹೊಲದ ಬದುವಿಗೆ ಪುಂಡಿ ಹಾಕುತ್ತಿದ್ದರು. ಎಳೆ ಸೊಪ್ಪು ಪಲ್ಯಕ್ಕೆ, ದಂಟು ಹಗ್ಗಕ್ಕೆ.

ನಿಮ್ಮದು ಮೂರು ತಪ್ಪು. ಒಂದು, ಸೊಪ್ಪು ಸಮೇತ ಹಾಕಿದ್ದು. ಸೊಪ್ಪು ಮೊದಲು ಕೊಳೆತು ನೀರನ್ನು ಕೆಡಿಸುತ್ತದೆ. ಎರಡು, ನಿಂತ ಗುಂಡಿ. ನಿಧಾನಕ್ಕೆ ಹರಿಯುವ ನೀರು ಬೇಕು. ಮೂರು, ಮುಖ್ಯವಾದದ್ದು, ದಿನ ಎಣಿಸಿದ್ದು. ದಿನ ಎಣಿಸಬಾರದು, ಬೆರಳಿಗೆ ಕೇಳಬೇಕು. ನಮ್ಮ ತಂದೆ ಐದನೇ ದಿನದಿಂದ ದಿನಾ ಹಳ್ಳಕ್ಕೆ ಹೋಗಿ ಒಂದು ದಂಟು ಎತ್ತಿ, ಬುಡದಲ್ಲಿ ಹೆಬ್ಬೆರಳಿನ ಉಗುರಿನಿಂದ ಸಿಪ್ಪೆ ಎಬ್ಬಿಸಿ ನೋಡುತ್ತಿದ್ದರು. ಸಿಪ್ಪೆ ಬುಡದಿಂದ ತುದಿವರೆಗೆ ಒಂದೇ ಎಳೆತಕ್ಕೆ ಬಂದರೆ ಅವತ್ತೇ ಎಲ್ಲ ತೆಗೆಯಬೇಕು. ನಾಳೆ ಅಂದರೆ ಹೋಯಿತು. ಇನ್ನೊಂದು ಮಾತು, ಬುಡ ದಪ್ಪ, ತುದಿ ಸಪೂರ. ಅದಕ್ಕೆ ಎರಡು ಮೂರು ದಿನ ಬುಡ ಮಾತ್ರ ನೀರಲ್ಲಿ ನಿಲ್ಲಿಸಿ ಆಮೇಲೆ ಪೂರ್ತಿ ಮಲಗಿಸುತ್ತಿದ್ದರು. ಇಲ್ಲದಿದ್ದರೆ ಬುಡ ಬಿಡುವ ಹೊತ್ತಿಗೆ ತುದಿ ಕೊಳೆತಿರುತ್ತದೆ.

ನೂಲಿನ ಮನೆ · 29 ಅಕ್ಟೋಬರ್

ರೈತರ ಮಾತು ಪುಂಡಿಗೆ, ಸೆಣಬಿಗೆ ನೂರಕ್ಕೆ ನೂರು ಸರಿ. ಅವು 10ರಿಂದ 20 ದಿನವೂ ತಾಳುತ್ತವೆ. ತುರಿಕೆಗೆ ನಾನು ಒಪ್ಪುವುದಿಲ್ಲ. ನಾನೇ ಎರಡು ಸಲ ಮಾಡಿ ಕೆಡಿಸಿದ್ದೇನೆ. ಇಂಗ್ಲೆಂಡಿನ ತಣ್ಣೀರಿನ ಲೆಕ್ಕ ನಮ್ಮ ಬೆಚ್ಚಗಿನ ಗುಂಡಿಗೆ ಹೊಂದುವುದೇ ಇಲ್ಲ. ಎಳೆಗಳನ್ನು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ಗೋಂದು. ನೀರಲ್ಲಿರುವ ಬ್ಯಾಕ್ಟೀರಿಯಾ ಮೊದಲು ಅದನ್ನು ತಿನ್ನುತ್ತದೆ, ಅದು ಮುಗಿದ ಮೇಲೆ ನಾರಿಗೇ ಕೈ ಹಾಕುತ್ತದೆ. ನಮ್ಮ ಸೆಕೆಯಲ್ಲಿ ಇವೆರಡರ ನಡುವೆ ಸಿಗುವ ಹೊತ್ತು ತೀರಾ ಕಡಿಮೆ.

ನೇಪಾಳದ ಗುಡ್ಡದ ಹೆಂಗಸರು ಇದೇ ಗಿಡವನ್ನು ಅಲ್ಲೊ ಅಂತ ಕರೆಯುತ್ತಾರೆ. ಅವರು ಕೊಳೆಹಾಕುವುದೇ ಇಲ್ಲ. ಸಿಪ್ಪೆ ಸುಲಿದು, ಒಣಗಿಸಿ, ಬೂದಿ ಹಾಕಿ ಗಂಟೆಗಟ್ಟಲೆ ಕುದಿಸಿ, ತೊರೆಯಲ್ಲಿ ಬಡಿದು ತೊಳೆಯುತ್ತಾರೆ. ಇದರ ದಾಯಾದಿ ರಾಮಿ ಗಿಡದ ನಾರಿನಲ್ಲೂ ಗೋಂದು ಜಾಸ್ತಿ, ಅದನ್ನೂ ಬೂದಿ ನೀರಿನಂಥ ಕ್ಷಾರದಲ್ಲೇ ಬಿಡಿಸುವುದು.

ನಾನು ಮಾಡುವ ಕ್ರಮ ಹೇಳುತ್ತೇನೆ. ಹೂ ಬಿಟ್ಟು ಬೀಜ ಕಟ್ಟುವ ಹೊತ್ತಿಗೆ ಕಡಿಯಬೇಕು. ಬುಡದಲ್ಲಿ ಗೇಣು ಬಿಟ್ಟು ಕಡಿದರೆ ಮತ್ತೆ ಚಿಗುರುತ್ತದೆ. ದಪ್ಪ ಗೋಣಿ ಚೀಲ ಕೈಗೆ ಸುತ್ತಿ ಬುಡದಿಂದ ತುದಿಗೆ ಒಂದೇ ಸಲ ಎಳೆದರೆ ಸೊಪ್ಪೂ ಹೋಗುತ್ತದೆ, ಕೂದಲೂ ಮುರಿಯುತ್ತದೆ. ಆಮೇಲೆ ಹಸಿ ದಂಟನ್ನು ಹಲಗೆಯ ಮೇಲಿಟ್ಟು ಗಂಟು ಗಂಟಿಗೆ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ. ಚಪ್ಪಟೆ ಆದ ಮೇಲೆ ಉದ್ದಕ್ಕೆ ಸೀಳಿ ಪುಸ್ತಕದ ಹಾಗೆ ಬಿಡಿಸಿ. ಮಧ್ಯದಲ್ಲಿ ಕಡ್ಡಿಯನ್ನು ಹೊರಕ್ಕೆ ಬಾಗಿಸಿ ಮುರಿದರೆ ಅದು ಸಿಪ್ಪೆಯಿಂದ ಎದ್ದು ನಿಲ್ಲುತ್ತದೆ. ಅಲ್ಲಿಂದ ಎರಡೂ ಕಡೆಗೆ ಸುಲಿಯಿರಿ. ಸಿಪ್ಪೆಯ ಹೊರಮೈಯನ್ನು ಮೊಂಡು ಚೂರಿಯ ಬೆನ್ನಿನಿಂದ ಕೆರೆದರೆ ಹಸಿರು ಪೊರೆ ಹೋಗುತ್ತದೆ. ಅಲ್ಲಿಗೇ ನಿಲ್ಲಿಸಿದರೂ ಸುತಲಿ ಹೊಸೆಯಬಹುದು. ನೂಲಬೇಕು ಅಂದರೆ ಮಾತ್ರ ಬೂದಿ ನೀರು.

ಕೋತಗಿರಿ ಹುಡುಗ · 29 ಅಕ್ಟೋಬರ್

ನೀಲಗಿರಿಯಿಂದ ಬರೆಯುತ್ತಿದ್ದೇನೆ, ಮನೆಮಾತು ಬಡಗ. ನಮ್ಮಲ್ಲಿ ಸೋಲೆ ಕಾಡಿನ (ಬೆಟ್ಟದ ಕಣಿವೆಯ ದಟ್ಟ ಕಾಡಿನ) ಅಂಚಿನಲ್ಲಿ ಈ ಗಿಡ ಬೇಕಾದಷ್ಟಿದೆ. ಇಲ್ಲಿನ ತೋಡ ಬುಡಕಟ್ಟಿನವರು ಈ ಗಿಡವನ್ನು ಕುದಿಸಿ ನಾರು ತೆಗೆದು ಒರಟು ನೂಲು ಮಾಡುತ್ತಿದ್ದರು ಅಂತ ಇಂಗ್ಲಿಷರ ಕಾಲದ ಬರಹದಲ್ಲಿ ಓದಿದ್ದೇನೆ. ಅಂದರೆ ಈ ಕುದಿಸುವ ಬುದ್ಧಿ ನೇಪಾಳದ್ದು ಮಾತ್ರ ಅಲ್ಲ, ನಮ್ಮ ಬೆಟ್ಟದ್ದೂ ಹೌದು. ಅದನ್ನು ಮರೆಯಬೇಡಿ.

ಕಾಡಿನೊಳಗಿನದನ್ನು ಮಾತ್ರ ಕಡಿಯಬೇಡಿ, ಕಾನೂನು ತೊಂದರೆ. ಸ್ವಂತ ಜಾಗದ್ದು ಬೇರೆ.

ಮುಳ್ಳೇರಿಯ ಪೇಟೆ · 30 ಅಕ್ಟೋಬರ್

ಅಂಗಡಿಯಲ್ಲಿ ಒಂದು ಉಂಡೆ ಸೆಣಬಿನ ದಾರ ಎಷ್ಟು ಕಡಿಮೆಗೆ ಸಿಗುತ್ತದೆ ಅಂತ ಗೊತ್ತಲ್ವಾ? ಮೈಯೆಲ್ಲ ತುರಿಸಿಕೊಂಡು ಇದೆಲ್ಲ ಯಾಕೆ? ಬಾಳೆನಾರು ಮನೆಯಲ್ಲೇ ಇದೆ. ಕೊಯ್ಲಿನ ಹೊತ್ತು ಬೇರೆ, ಅಡಿಕೆ ಹೆಕ್ಕಲು ಜನ ಇಲ್ಲ.

ತೋಡಿನ ಬದಿ · 30 ಅಕ್ಟೋಬರ್

ನಿಮ್ಮ ಮಾತಲ್ಲಿ ತಪ್ಪಿಲ್ಲ. ಆದರೆ ವರ್ಷಕ್ಕೆ ಎರಡು ಸಲ ಸವರಿ ಎಸೆಯುವ ಗಿಡದಲ್ಲಿ ಇಷ್ಟು ಗಟ್ಟಿ ನಾರು ಇದೆ ಅಂತ ಕೈಗೆ ಗೊತ್ತಾದ ಮೇಲೆ ಸುಮ್ನೆ ಎಸೆಯಲು ಮನಸ್ಸು ಬರುತ್ತಿಲ್ಲ. ಬಾಳೆನಾರು ಒಣಗಿದರೆ ಎರಡನೇ ವರ್ಷಕ್ಕೆ ಪುಡಿ ಪುಡಿ. ಇದು ಎಷ್ಟು ವರ್ಷ ಬರುತ್ತದೆ ಅಂತ ನೋಡಬೇಕು.

ಹಸಿರು ಮೇಷ್ಟ್ರು · 30 ಅಕ್ಟೋಬರ್

ಬಾಳಿಕೆ ಕೇಳಿದಿರಿ. ಡೆನ್ಮಾರ್ಕಿನ ಲೂಸ್‌ಹೋಯ್ ಎಂಬ ದಿಬ್ಬದಲ್ಲಿ ಸಿಕ್ಕಿದ ಸುಮಾರು 2800 ವರ್ಷ ಹಳೆಯ ಬಟ್ಟೆ ತುರಿಕೆ ನಾರಿನದು ಅಂತ 2012ರಲ್ಲಿ ಪರೀಕ್ಷೆ ಮಾಡಿ ಹೇಳಿದರು. ಅದು ಯುರೋಪಿನ ಜಾತಿ, ಕಂಚಿನ ಪಾತ್ರೆಯ ಜೊತೆ ಇದ್ದದ್ದರಿಂದ ಉಳಿಯಿತು. ಮೊದಲ ಮಹಾಯುದ್ಧದಲ್ಲಿ ಹತ್ತಿ ಸಿಗದೆ ಜರ್ಮನಿಯವರು ಕಾಡು ತುರಿಕೆ ಕೂಡಿಸಿ ಸೈನಿಕರ ಬಟ್ಟೆಗೆ ಬಳಸಿದರು. ಆದರೆ ಕಾಡು ಗಿಡದಲ್ಲಿ ನಾರು ಸಿಗುವುದೇ ಸ್ವಲ್ಪ, ಅದಕ್ಕೆ ಹತ್ತಿ ವಾಪಸು ಬಂದ ಕೂಡಲೇ ಇದು ಹಿಂದೆ ಬಿತ್ತು.

ಕುಂಬಳೆ ಕಡಲು · 30 ಅಕ್ಟೋಬರ್

ಕೊಳೆಹಾಕುವ ಮಾತು ಬಂತಲ್ಲ. ತೆಂಗಿನ ಸಿಪ್ಪೆಯನ್ನು ಹಿನ್ನೀರಿನಲ್ಲಿ 6ರಿಂದ 10 ತಿಂಗಳು ಹೂಳುತ್ತಾರೆ, ಆಗಲೇ ಬಿಳಿ ನಾರು ಬರುವುದು. ನೀರಲ್ಲಿ ಕೊಳೆಹಾಕುವುದು ನಮ್ಮ ಊರಿನದ್ದೇ ವಿದ್ಯೆ. ಸುಮ್ನೆ ಬೈಯಬೇಡಿ.

ನೂಲಿನ ಮನೆ · 30 ಅಕ್ಟೋಬರ್

ಬೈಯುತ್ತಿಲ್ಲ. ತೆಂಗಿನ ನಾರು ಒರಟು, ಮರದ ಅಂಶ ಜಾಸ್ತಿ, ಅದಕ್ಕೆ ಅಷ್ಟು ಕಾಲ ತಾಳುತ್ತದೆ. ಇದು ಹತ್ತಿಯ ಹಾಗೆ ಹೆಚ್ಚಿನದೂ ಸೆಲ್ಯುಲೋಸು. ಎರಡಕ್ಕೂ ಒಂದೇ ಮದ್ದು ಆಗುವುದಿಲ್ಲ.

ಮತ್ತೆ, ದಯವಿಟ್ಟು ತೋಡಿನಲ್ಲಿ ಕೊಳೆಹಾಕಬೇಡಿ. ಕೊಳೆಯುವಾಗ ನೀರಿನ ಆಮ್ಲಜನಕ ಪೂರ್ತಿ ಹೋಗಿ ಮೀನು ಸಾಯುತ್ತವೆ.

ಅಕ್ಕಲಕೋಟೆ ರೈತ · 30 ಅಕ್ಟೋಬರ್

ಮೀನಿನ ಮಾತು ನಿಜ. ನಮ್ಮ ಹಳ್ಳದಲ್ಲೂ ಆಗ ಮೀನು ಬೆಳ್ಳಗೆ ತೇಲುತ್ತಿದ್ದವು. ಹರಿಯುವ ನೀರು ಅಂದ ನನ್ನ ಸಲಹೆ ನಿಮ್ಮ ತೋಡಿಗೆ ಬೇಡ ಬಿಡಿ.

ಬಂದ್ಯೋಡಿನಿಂದ · 30 ಅಕ್ಟೋಬರ್

ಬೂದಿ ನೀರು ಅಂದರೆ ಯಾವ ಬೂದಿ? ಎಷ್ಟು?

ನೂಲಿನ ಮನೆ · 31 ಅಕ್ಟೋಬರ್

ಬಚ್ಚಲಿನ ಹಂಡೆ ಒಲೆಯದ್ದೇ. ನಮ್ಮಲ್ಲಿ ಉರಿಸುವುದು ತೆಂಗಿನ ಸಿಪ್ಪೆ, ಅಡಿಕೆ ಸಿಪ್ಪೆ, ಸೋಗೆ. ತೆಂಗಿನ ಸಿಪ್ಪೆ ಬೂದಿಯಲ್ಲಿ ಪೊಟ್ಯಾಷ್ ಒಳ್ಳೆಯದಿರುತ್ತದೆ. ಪ್ಲಾಸ್ಟಿಕ್ ಸುಟ್ಟ ಒಲೆಯದ್ದು ಬೇಡ. ಅರ್ಧ ಬಕೆಟ್ ಬೂದಿಗೆ ಬಿಸಿನೀರು ಹೊಯ್ದು ರಾತ್ರಿ ಇಟ್ಟು, ಬೆಳಿಗ್ಗೆ ಮೇಲಿನ ತಿಳಿ ಬಟ್ಟೆಯಲ್ಲಿ ಸೋಸಿ. ಎರಡು ಬೆರಳ ನಡುವೆ ಉಜ್ಜಿದರೆ ಸಾಬೂನಿನ ಹಾಗೆ ಜಾರಬೇಕು. ನೋಡಿದ ಕೂಡಲೇ ಕೈ ತೊಳೆಯಿರಿ. ಜಾರದಿದ್ದರೆ ಅದೇ ನೀರನ್ನು ಹೊಸ ಬೂದಿಗೆ ಇನ್ನೊಮ್ಮೆ ಹೊಯ್ಯಿರಿ.

ಒಣ ಸಿಪ್ಪೆಯನ್ನು ಒಂದು ರಾತ್ರಿ ನೆನೆಸಿ ಆ ತಿಳಿಯಲ್ಲಿ ಮೂರು ನಾಲ್ಕು ಗಂಟೆ ಸಣ್ಣ ಉರಿಯಲ್ಲಿ ಕುದಿಸಬೇಕು. ನೀರು ಕಾಫಿ ಬಣ್ಣಕ್ಕೆ ಬರುತ್ತದೆ.

ಪೆರ್ಲದವ · 31 ಅಕ್ಟೋಬರ್

ನಮ್ಮಲ್ಲಿ ದೊಡ್ಡ ಅಲ್ಯೂಮಿನಿಯಂ ಚರಿಗೆ ಇದೆ, ಜಂಬರದ (ಸಮಾರಂಭದ) ಅಡುಗೆಯದ್ದು. ಅದು ಸಾಕಲ್ವಾ?

ಹಸಿರು ಮೇಷ್ಟ್ರು · 31 ಅಕ್ಟೋಬರ್

ಅಲ್ಯೂಮಿನಿಯಂ ಖಂಡಿತ ಬೇಡ! ಕ್ಷಾರ ಅದನ್ನು ತಿನ್ನುತ್ತದೆ. ಸ್ಟೀಲು ಅಥವಾ ಮಣ್ಣಿನ ಪಾತ್ರೆ. ಕಣ್ಣಿಗೆ ಹಾರದ ಹಾಗೆ ನೋಡಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಕುಂಬಳೆ ಕಡಲು · 31 ಅಕ್ಟೋಬರ್

ತುರಿಕೆ ತಾಗಿದರೆ ಏನು ಮಾಡುತ್ತೀರಿ? ನಮ್ಮಲ್ಲಿ ಸೆಗಣಿ ಹಚ್ಚುತ್ತಿದ್ದರು.

ಬಂದ್ಯೋಡಿನಿಂದ · 31 ಅಕ್ಟೋಬರ್

ಸೆಗಣಿ ನಸುಗುನ್ನಿಗೆ. ಇದಕ್ಕೆ ತೆಂಗಿನೆಣ್ಣೆ.

ಹಸಿರು ಮೇಷ್ಟ್ರು · 31 ಅಕ್ಟೋಬರ್

ಸೆಗಣಿ ಯಾವುದಕ್ಕೂ ಬೇಡ. ತುರಿಸಿ ಚರ್ಮ ಹರಿದಿದ್ದರೆ ಧನುರ್ವಾಯು ಬರುವ ಅಪಾಯ ಇದೆ. ಈ ಗಿಡದ ಒಂದೊಂದು ಕೂದಲೂ ಗಾಜಿನಂಥ ತುದಿಯ ಸೂಜಿ. ತಾಗಿದರೆ ತುದಿ ಮುರಿದು ಒಳಗಿನ ರಸ ಚರ್ಮಕ್ಕೆ ಇಳಿಯುತ್ತದೆ. ಉಜ್ಜಿದರೆ ಇನ್ನೂ ಒಳಗೆ ಹೋಗುತ್ತದೆ. ಉಜ್ಜದೆ ಸ್ವಲ್ಪ ಹೊತ್ತು ಬಿಟ್ಟು, ಅಂಟು ಟೇಪು ಒತ್ತಿ ಎಳೆದು, ಆಮೇಲೆ ಸಾಬೂನು ನೀರಲ್ಲಿ ತೊಳೆಯಿರಿ. ಉಸಿರು ಕಟ್ಟಿದರೆ, ಮುಖ ಊದಿದರೆ ಮನೆಮದ್ದು ಬೇಡ, ಆಸ್ಪತ್ರೆಗೆ ಹೋಗಿ.

ತೋಡಿನ ಬದಿ · 14 ಡಿಸೆಂಬರ್

ತಡವಾಗಿ ಬರೆಯುತ್ತಿದ್ದೇನೆ. ನವೆಂಬರ್ ಮೊದಲ ವಾರ 52 ದಂಟು ಕಡಿದೆ. ಗೋಣಿ ಸುತ್ತಿ ಎಳೆಯುವುದು ಸರಿಯಾಗಿಯೇ ಆಯಿತು, ಆದರೆ ಮಣಿಕಟ್ಟಿನ ಹತ್ತಿರ ಗೋಣಿ ಜಾರಿ ಎರಡು ದಿನ ಉರಿ ಅನುಭವಿಸಿದೆ. ಟೇಪಿನಿಂದ ನಿಜವಾಗಿಯೂ ಕಡಿಮೆ ಆಯಿತು.

ಕಡ್ಡಿ ಮುರಿಯುವಾಗ ಒಂದು ವಿಷಯ ಗೊತ್ತಾಯಿತು. ಕಡಿದ ದಿನವೇ ಸುಲಿದರೆ ಸಿಪ್ಪೆ ರಿಬ್ಬನ್ ಹಾಗೆ ಉದ್ದಕ್ಕೆ ಬರುತ್ತದೆ. ಒಂದು ದಿನ ಬಿಟ್ಟದ್ದು ಗಂಟಿನ ಹತ್ತಿರ ತುಂಡಾಯಿತು. ಗಂಟಿನಲ್ಲಿ ಕೊಡತಿ ಪೆಟ್ಟು ಸ್ವಲ್ಪ ಜಾಸ್ತಿ ಬೇಕು, ಆದರೆ ಜಜ್ಜಬಾರದು.

ಒಣಗಿಸುವುದೇ ಕಷ್ಟವಾಯಿತು. ಸಂಜೆ ಸಂಜೆ ಗುಡುಗು ಮಳೆ. ಅಂಗಳದಲ್ಲಿ ಅಡಿಕೆ ಹರಡಿದ್ದರು, ಅಪ್ಪ ಒಂದು ಮೂಲೆಯನ್ನೂ ಬಿಡಲಿಲ್ಲ. ಕೊನೆಗೆ ಒಲೆಯ ಮೇಲಿನ ಅಟ್ಟದಲ್ಲಿ ಬಳ್ಳಿ ಕಟ್ಟಿ ನೇತು ಹಾಕಿದೆ. ಹೊಗೆ ವಾಸನೆ ಇದೆ, ಬೂಸಲು ಬರಲಿಲ್ಲ.

ಅರ್ಧವನ್ನು ಬೂದಿ ತಿಳಿಯಲ್ಲಿ ನಾಲ್ಕು ಗಂಟೆ ಕುದಿಸಿ ತೋಡಿನ ಕಲ್ಲಿನ ಮೇಲೆ ಬಡಿದೆ. ಮೊದಲು ಕಂದು ನೀರು, ಆಮೇಲೆ ಹಾಲಿನಂಥ ನೀರು, ಆಮೇಲೆ ತಿಳಿ. ಕೈಯಲ್ಲಿ ಉಳಿದದ್ದು ನೋಡಿ ಅಮ್ಮ ಇದು ರೇಷ್ಮೆಯಾ ಅಂತ ಕೇಳಿದರು. ಒಣಗಿದ ಮೇಲೆ ತೂಗಿದೆ: 110 ಗ್ರಾಂ.

ಒಂದು ಪ್ರಶ್ನೆ. ಒಣಗಿದ ಮೇಲೆ ಕಡ್ಡಿಯ ಹಾಗೆ ಬಿರುಸಾಗಿದೆ. ಹೊಸೆಯಲು ಹೋದರೆ ಎಳೆ ಎಳೆ ಬಿಡುತ್ತಿಲ್ಲ.

ನೂಲಿನ ಮನೆ · 14 ಡಿಸೆಂಬರ್

110 ಗ್ರಾಂ ಒಳ್ಳೆಯ ಲೆಕ್ಕ, ಬೇಸರ ಬೇಡ. ಬಿರುಸಾಗಿರುವುದು ಉಳಿದ ಗೋಂದಿನಿಂದ. ನೇಪಾಳದವರು ಇದಕ್ಕೇ ತೊಳೆದ ನಾರಿಗೆ ಅಭ್ರಕ ಇರುವ ಬಿಳಿ ಮಣ್ಣು ಉಜ್ಜುತ್ತಾರೆ. ನಮ್ಮಲ್ಲಿ ಸೇಡಿ ಮಣ್ಣು ಇದೆ, ಇಲ್ಲದಿದ್ದರೆ ಅಕ್ಕಿ ತೌಡು. ನಾರನ್ನು ಒದ್ದೆ ಮಾಡಿ, ಉಜ್ಜಿ, ಅರೆ ಒಣಗಿದಾಗ ಎರಡೂ ಕೈಯಲ್ಲಿ ಬಟ್ಟೆ ಒಗೆಯುವ ಹಾಗೆ ತಿಕ್ಕಿ. ಪೂರ್ತಿ ಒಣಗಿದ ಮೇಲೆ ಕೊಡವಿದರೆ ಪುಡಿ ಉದುರಿ ಎಳೆ ಬಿಡುತ್ತದೆ.

ಹಸಿರು ಮೇಷ್ಟ್ರು · 15 ಡಿಸೆಂಬರ್

ಹೊಸೆಯುವ ಮೊದಲು ಒಂದು ಚಿಕ್ಕ ಪರೀಕ್ಷೆ ಮಾಡಿ. ಕೂದಲಿನಷ್ಟು ಸಪೂರ ಎಳೆ ಒಂದನ್ನು ಒದ್ದೆ ಮಾಡಿ, ತುದಿ ನಿಮ್ಮ ಕಡೆಗೆ ಬರುವ ಹಾಗೆ ಹಿಡಿದು ಒಲೆಯ ಬಿಸಿಗೆ ತೋರಿಸಿ. ಒಣಗುತ್ತಾ ತಾನಾಗಿ ತಿರುಗುತ್ತದೆ. ಯುರೋಪಿನ ತುರಿಕೆ, ಅಗಸೆ, ರಾಮಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತವೆ. ಸೆಣಬು ಅದಕ್ಕೆ ವಿರುದ್ಧ. ನಿಮ್ಮದು ಯಾವ ಕಡೆ ತಿರುಗುತ್ತದೆ ನೋಡಿ ಹೇಳಿ.

ತೋಡಿನ ಬದಿ · 15 ಡಿಸೆಂಬರ್

ಈಗಷ್ಟೇ ನೋಡಿದೆ. ಗಡಿಯಾರದ ದಿಕ್ಕಿಗೇ! ಮೂರು ಎಳೆ ನೋಡಿದೆ, ಮೂರೂ ಹಾಗೇ. ಅಮ್ಮನನ್ನು ಕರೆದು ತೋರಿಸಿದೆ.

ಮಗ್ಗದ ಮನೆ · 16 ಡಿಸೆಂಬರ್

ನಾನು ಕೈಮಗ್ಗದವನು. ಕಾಸರಗೋಡು ಸೀರೆಗೆ ಜಿಐ ಅನ್ನುವ ಭೌಗೋಳಿಕ ಗುರುತು ಇದೆ, ಅದು ಹತ್ತಿಯದ್ದು, ಅದರಲ್ಲಿ ಇದನ್ನು ಬೆರೆಸುವ ಮಾತೇ ಬೇಡ. ಆದರೆ ಕೈಚೀಲದಂಥದ್ದಕ್ಕೆ ಹತ್ತಿಯ ಹಾಸು (ಉದ್ದದ ಎಳೆ) ಹಾಕಿ, ಹೊಕ್ಕಿಗೆ (ಅಡ್ಡ ಎಳೆಗೆ) ಈ ನೂಲು ಕೊಟ್ಟರೆ ನೋಡಬಹುದು. ಹಾಸಿನ ಎಳೆಗೆ ಇದು ಆಗದು. ಕೈನೂಲು ಅಲ್ಲಲ್ಲಿ ಉಬ್ಬಿರುತ್ತದೆ, ಮಗ್ಗದ ಹಣಿಗೆಯಲ್ಲಿ ಸಿಕ್ಕಿ ಕಡಿಯುತ್ತದೆ. ಅರ್ಧ ಕಿಲೋ ಆದರೆ ಹೇಳಿ, ನಾನೇ ನೇಯ್ದು ಕೊಡುತ್ತೇನೆ.

ಮುಳ್ಳೇರಿಯ ಪೇಟೆ · 16 ಡಿಸೆಂಬರ್

ಫೋಟೊ ನೋಡಿದೆ. ಇಷ್ಟು ಬಿಳಿ ಬರುತ್ತದೆ ಅಂತ ಗೊತ್ತಿರಲಿಲ್ಲ. ನಮ್ಮ ಗುಡ್ಡದ ಬದಿಯಲ್ಲೂ ಇದೆ, ಬೇಕಾದರೆ ಬಂದು ಕಡಿದುಕೊಂಡು ಹೋಗಿ.

ತೋಡಿನ ಬದಿ · 9 ಮೇ

ಸೇಡಿ ಸಿಗಲಿಲ್ಲ, ತೌಡಿನಲ್ಲೇ ತಿಕ್ಕಿದೆ. ನೂಲುವಷ್ಟು ಕೈ ಇನ್ನೂ ಬಂದಿಲ್ಲ. ತೊಡೆಯ ಮೇಲೆ ಎರಡೆಳೆ ಹೊಸೆದು ಸುಮಾರು 30 ಮೊಳ ಸುತಲಿ ಮಾಡಿದೆ. ಕುದಿಸದೆ ಬರೀ ಕೆರೆದದ್ದರಿಂದ ಇನ್ನೊಂದು 20 ಮೊಳ. ಅದು ಕಂದು, ಒರಟು, ಆದರೆ ಜಗ್ಗಿದಾಗ ಕುದಿಸಿದ್ದಕ್ಕಿಂತ ಗಟ್ಟಿ ಅನಿಸುತ್ತದೆ.

ಈ ವರ್ಷದ ಸಾಂಬಾರು ಸೌತೆಕಾಯಿ ಕೊಯ್ದಾಯಿತು. ಪ್ರತಿ ವರ್ಷ ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಪಕ್ಕಾಸಿಗೆ ತೂಗುತ್ತಿದ್ದೆವು. ಈ ಸಲ ಎರಡು ಸಾಲು ತುರಿಕೆ ಸುತಲಿಯಲ್ಲಿ, ಒಂದು ಸಾಲು ಬಾಳೆಯಲ್ಲಿ. ದೊಡ್ಡದು ಮೂರು ಕಿಲೋ ಇದೆ, ಅದನ್ನು ಕುದಿಸದ ಸುತಲಿಗೇ ಕಟ್ಟಿದ್ದೇನೆ. ಹತ್ತು ದಿನ ಆಯಿತು.

ಅಕ್ಕಲಕೋಟೆ ರೈತ · 9 ಮೇ

ಭೇಷ್! ಗಂಟು ಹೇಗೆ ಹಾಕಿದ್ದೀರಿ? ನುಣುಪು ನಾರು ಜಾರುತ್ತದೆ.

ತೋಡಿನ ಬದಿ · 9 ಮೇ

ಮೊದಲ ದಿನ ಜಾರಿತು, ಒಂದು ಕಾಯಿ ಬಿದ್ದು ಒಡೆಯಿತು. ಈಗ ಗಂಟು ಹಾಕುವ ಮೊದಲು ಸುತಲಿಯನ್ನು ನೀರಲ್ಲಿ ಅದ್ದಿ ಕಟ್ಟುತ್ತೇನೆ, ಒಣಗಿದ ಮೇಲೆ ಬಿಗಿ ಕೂರುತ್ತದೆ.

ಪೆರ್ಲದವ · 10 ಮೇ

ಬಿದ್ದ ಕಾಯಿ?

ತೋಡಿನ ಬದಿ · 10 ಮೇ

ಅವತ್ತೇ ಸಾಂಬಾರು. ಮಳೆ ಹಿಡಿದ ಮೇಲೆ ಮೂರೂ ಸಾಲು ಹೇಗಿವೆ ಅಂತ ಇಲ್ಲೇ ಬರೆಯುತ್ತೇನೆ. ಮುಳ್ಳೇರಿಯದವರೇ, ನವೆಂಬರಿನಲ್ಲಿ ಬರುತ್ತೇನೆ, ಅಲ್ಲಿವರೆಗೆ ಆ ಬದಿ ಸವರಿಸಬೇಡಿ.